ಹಳದಿ ಸ್ಕಾರ್ಫಿನ ಹುಡುಗಿ

ಕಿಂಗ್ಸ್‌ಬರಿ, ಲಂಡನ್
೫ ಫೆಬ್ರವರಿ ೨೦೦೯

ಪ್ರೀತಿಯ ಮಾಲೂ,

ಎಲ್ಲಿದ್ದರೂ ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡಿ ಚೆನ್ನಾಗಿರು ಎಂದು ಹರಸಿಯೇ ಶುರುಮಾಡುತ್ತೇನೆ. ನಿನ್ನ ಗೆಳತಿ ಸ್ಫೂರ್ತಿ ನ್ಯೂಯಾರ್ಕಿನ ಹೊಸ ವಿಳಾಸ ಕೊಟ್ಟು ಒಂದು ತಿಂಗಳಾಯಿತು. ತಡವಾದದ್ದಕ್ಕೆ ಆಸ್ಪತ್ರೆಯ ಡ್ಯೂಟಿ, ಹಿಮ ಎಂದು ಕಾರಣ ಹೇಳಬಹುದು. ನಿಜವೆಂದರೆ ಮೂರು ಸಲ ಬರೆದು ಹರಿದುಹಾಕಿದ್ದೇನೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಇಮೇಲ್ ಮಾಡಿದರೆ ‘ಆಲ್ ಫೈನ್’ ಎಂದು ಎರಡೇ ಪದ. ಹನ್ನೊಂದು ವರ್ಷದವಳಿದ್ದಾಗ ಧಾರವಾಡ ಬಿಟ್ಟು ಬಂದವಳು, ಕನ್ನಡ ಓದುವುದನ್ನು ಮರೆತಿರಲಾರೆ ಎಂಬ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಸೋಮವಾರ ಬಿದ್ದ ಹಿಮಕ್ಕೆ ಲಂಡನ್ನಿನ ಬಸ್ಸುಗಳೆಲ್ಲ ನಿಂತವು. ಆಸ್ಪತ್ರೆಗೆ ನಡೆದೇ ಹೋದೆ. ಜಾರಿ ಬಿದ್ದೇನೆಂದು ಅಪ್ಪ ಅರ್ಧ ದಾರಿಯವರೆಗೆ ಕೈಹಿಡಿದು ಬಂದರು. ಸೋಮವಾರ ಅಪ್ಪ ಮನೆಯಲ್ಲಿ ಹೇಗೆ ಎಂದು ಕೇಳುತ್ತೀಯೇನೋ. ಅವರ ಕೆಲಸ ಹೋಯಿತು, ಮಾಲೂ. ಅಕ್ಟೋಬರಿನಲ್ಲಿ ಸರ್ಕಾರ ಅವರ ಬ್ಯಾಂಕಿಗೆ ದುಡ್ಡು ಹಾಕಿ ಉಳಿಸಿಕೊಂಡ ದಿನ, ಇನ್ನು ಹೆದರಿಕೆಯಿಲ್ಲ ಎಂದು ನನ್ನಿಂದ ಹೋಳಿಗೆ ಮಾಡಿಸಿಕೊಂಡು ತಿಂದಿದ್ದರು. ಬ್ಯಾಂಕೇನೋ ಉಳಿಯಿತು. ಜನವರಿಯಲ್ಲಿ ಅವರ ವಿಭಾಗದ ನಲವತ್ತು ಜನರನ್ನು ಒಂದೇ ಕೋಣೆಗೆ ಕರೆದು ಹೇಳಿಬಿಟ್ಟರಂತೆ. ಕ್ಯಾನರಿ ವಾರ್ಫಿನ ಆಫೀಸಿನಿಂದ ರಟ್ಟಿನ ಡಬ್ಬಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಟ್ಯೂಬ್ ರೈಲಿನಲ್ಲಿ ಬಂದರು. ಅದರಲ್ಲಿದ್ದದ್ದು ಎರಡು ಟೈ, ಒಂದು ಚಹಾ ಮಗ್ಗು, ನೀನು ಯೂನಿವರ್ಸಿಟಿಯ ಕರಿ ಗೌನಿನಲ್ಲಿರುವ ಫೋಟೋ. ಡಬ್ಬಿ ಇನ್ನೂ ಮೆಟ್ಟಿಲ ಮೇಲೇ ಇದೆ. ಎತ್ತಿಡಿ ಎನ್ನಲು ನನಗೆ ಬಾಯಿ ಬಂದಿಲ್ಲ.

ಅದಾದ ಮರುವಾರ ಅಮೆರಿಕದಲ್ಲಿ ನಿಮ್ಮ ಹೊಸ ಅಧ್ಯಕ್ಷರ ಪ್ರಮಾಣವಚನ. ನೀನೂ ಗೆಳತಿಯರೊಂದಿಗೆ ಬಸ್ಸಿನಲ್ಲಿ ವಾಷಿಂಗ್ಟನ್ನಿಗೆ ಹೋಗಬಹುದು ಎಂದು ಸ್ಫೂರ್ತಿ ಮಾತಿಗೆ ಅಂದಿದ್ದಳು. ಅಪ್ಪ ಅದನ್ನೇ ಹಿಡಿದುಕೊಂಡರು. ನಿನಗೆ ಗಣಿತ ಹೇಳಿಕೊಡುತ್ತಿದ್ದ ಶೇಷಾದ್ರಿ ಅಂಕಲ್ ಮತ್ತು ಜಯಾ ಆಂಟಿಯನ್ನು ಕೆಂಟನ್ನಿನಿಂದ ಕರೆಸಿ, ನಾಲ್ಕು ಗಂಟೆಗೇ ಟಿವಿ ಹಚ್ಚಿ ಕೂತರು. ನಾನು ಅವಲಕ್ಕಿ ಹಚ್ಚಿಕೊಟ್ಟೆ.

ಶೇಷಾದ್ರಿಯವರ ಮಾತು ನಿನಗೆ ಗೊತ್ತಲ್ಲ. “ಲಾಭ ಬಂದಾಗ ಅವರ ಜೇಬಿಗೆ, ನಷ್ಟ ಆದಾಗ ನಮ್ಮ ತೆರಿಗೆ ದುಡ್ಡಾ? ಇಲ್ಲೂ ಅದೇ ಕಥೆ, ಅಲ್ಲೂ ಅದೇ ಕಥೆ. ಇವನೂ ಬಂದು ಬ್ಯಾಂಕಿನೋರಿಗೇ ಸುರೀತಾನೆ, ನೋಡ್ತಿರಿ. ಮುಳುಗೋವು ಮುಳುಗಲಿ ಬಿಡಿ ಪ್ರಸಾದ್” ಎಂದರು.

“ಹಂಗಂದ್ರ ಹೆಂಗ್ರೀ?” ಎಂದರು ಅಪ್ಪ. “ಅಂವಾ ಇನ್ನೂ ಕುರ್ಚಿ ಮ್ಯಾಲೆ ಕೂತಿಲ್ಲ. ದುಡ್ಡು ಕೊಟ್ರ ಮಂದಿ ಬೈತಾರ, ಕೊಡದಿದ್ರ ಎಲ್ಲಾ ಬೀಳ್ತದ. ಏನ್ ಮಾಡಬೇಕು ಪಾಪ?”

“ಬೀಳಲಿ ಅಂತಾನೇ ನಾನು ಹೇಳ್ತಿರೋದು.”

“ಬ್ಯಾಂಕ್ ಅಂದ್ರ ಬರೇ ಕಟ್ಟಡ ಏನ್ರೀ? ಒಳಗ ಮಂದಿ ಇರ್ತಾರ. ಸೆಪ್ಟೆಂಬರದಾಗ ಒಂದು ಬ್ಯಾಂಕ್ ಬಿದ್ರ ಬೀಳಲಿ ಅಂತ ಬಿಟ್ಟರಲ್ಲ, ಅದರೊಳಗ ನನ್ನ ಮಗಳಿದ್ಲು.”

ಶೇಷಾದ್ರಿ ತಟ್ಟೆ ಕೆಳಗಿಟ್ಟರು.

ಟಿವಿಯಲ್ಲಿ ಆ ಜನಸಾಗರ ತೋರಿಸಿದಾಗಲೆಲ್ಲ ಅಪ್ಪ ಎದ್ದು ಹತ್ತಿರ ಹೋಗುತ್ತಿದ್ದರು. ಕೊನೆಗೆ ಕಾರ್ಪೆಟ್ಟಿನ ಮೇಲೆ ಮೊಣಕಾಲೂರಿ, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಕೂತುಬಿಟ್ಟರು. ಹದಿನೈದು ಇಪ್ಪತ್ತು ಲಕ್ಷ ಜನ ಸೇರಿದ್ದರಂತೆ, ಅದರಲ್ಲಿ ನಿನ್ನನ್ನು ಹುಡುಕುತ್ತಿದ್ದರು. ಇದ್ದಕ್ಕಿದ್ದಂತೆ, “ವಿಜಯಾ, ಬಾ ಇಲ್ಲೆ! ಹಳದಿ ಸ್ಕಾರ್ಫ್, ಆಕಿನ ನೋಡು! ನಿಂತಿದ್ದು ನೋಡು, ಒಂದು ಕಾಲಿನ ಮ್ಯಾಲೆ ಭಾರ ಹಾಕಿ!” ಎಂದು ಕೂಗಿದರು. ನಾನು ಹೋಗುವಷ್ಟರಲ್ಲಿ ಕ್ಯಾಮೆರಾ ಬೇರೆ ಕಡೆ ತಿರುಗಿತ್ತು.

ಜಯಾ ಮೆಲ್ಲಗೆ, “ಇರಬಹುದು ಪ್ರಸಾದ್, ಅವಳೇ ಇರಬಹುದು” ಎಂದಳು.

ಅಪ್ಪ ಅಲ್ಲೇ ಕೂತು, “ಸ್ವಲ್ಪ ಸೊರಗ್ಯಾಳ” ಎಂದರು. ಆಮೇಲೆ ಯಾರಿಗೂ ಅಲ್ಲವೆಂಬಂತೆ, “ಕೆಲಸ ಹೋದಾಗ ಒಂದು ಫೋನ್ ಮಾಡಿದ್ರ ನಾನ ಹೋಗಿ ಕರಕೊಂಡು ಬರ್ತಿದ್ದೆ. ನಮಗ್ಯಾಕ ಹೇಳಬೇಕು ಅನಿಸಲಿಲ್ಲೋ ಏನೋ” ಎಂದರು. ನಾನು ಚಹಾ ಇಡುವ ನೆಪದಲ್ಲಿ ಒಳಗೆ ಹೋದೆ. ನೀನು ವಾಷಿಂಗ್ಟನ್ನಿಗೆ ಹೋಗಿದ್ದೆಯೋ ಇಲ್ಲವೋ ಎಂದು ಸ್ಫೂರ್ತಿಯನ್ನು ಇವತ್ತಿಗೂ ಕೇಳಿಲ್ಲ. ಹೋಗಿರಲಿಲ್ಲ ಎಂದುಬಿಟ್ಟರೆ ಅಪ್ಪನಿಗೆ ಏನು ಹೇಳಲಿ?

ಈಗ ದಿನಾ ಬೆಳಿಗ್ಗೆ ಲೈಬ್ರರಿಗೆ ಹೋಗಿ ಅಮೆರಿಕದ ಸುದ್ದಿಯನ್ನೆಲ್ಲ ಓದಿ ಬರುತ್ತಾರೆ. ಸರ್ಕಾರದ ದುಡ್ಡು ತೆಗೆದುಕೊಂಡ ಬ್ಯಾಂಕುಗಳ ದೊಡ್ಡವರ ಸಂಬಳಕ್ಕೆ ಹೊಸ ಅಧ್ಯಕ್ಷರು ಮಿತಿ ಹಾಕುತ್ತಾರಂತೆ, ಉದ್ಯೋಗಕ್ಕೆಂದು ದೊಡ್ಡ ಮಸೂದೆ ತಂದಿದ್ದಾರಂತೆ, ಅದು ಪಾಸಾಗುವುದು ಕಷ್ಟವಂತೆ. ಅದರಲ್ಲಿ ಆತ ಗೆದ್ದರೆ ನಿನಗೆ ಮತ್ತೆ ಕೆಲಸ ಸಿಗುತ್ತದೆ ಎಂಬುದು ಅಪ್ಪನ ಲೆಕ್ಕ. “ಬಂದು ಎರಡು ವಾರ ಆಗ್ಯಾವ, ಎಲ್ಲಾರೂ ಅಂವಗ ಏನ್ ಮಾಡಿದಿ ಅಂತ ಕೇಳಾಕ ಹತ್ಯಾರ” ಎಂದು ಮನೆಯ ಮಗನಿಗೇ ಕಷ್ಟ ಬಂದಂತೆ ಮಿಡುಕುತ್ತಾರೆ.

ನನ್ನದು ಬೇರೆಯೇ. ಅಂಗಡಿಯಲ್ಲಿ ಎಳೇ ಬದನೆಕಾಯಿ ಕಂಡರೆ ಮೂರು ಜನಕ್ಕಾಗುವಷ್ಟು ತರುತ್ತೇನೆ. ಸಂಜೆ ಸ್ಟೇಷನ್ನಿನ ಮೆಟ್ಟಿಲು ಹತ್ತಿ ಬರುವ ನಿನ್ನ ವಯಸ್ಸಿನ ಹುಡುಗಿಯರನ್ನು ನೋಡುತ್ತ, ಹೂವಿನ ಅಂಗಡಿಯ ಪಕ್ಕ ಸುಮ್ಮನೆ ನಿಲ್ಲುತ್ತೇನೆ. ಒಬ್ಬಳು ಒಮ್ಮೆ ಹತ್ತಿರ ಬಂದು, “ಆರ್ ಯೂ ಆಲ್‌ರೈಟ್, ಆಂಟಿ?” ಎಂದು ಕೇಳಿದಳು. ಮಗಳಿಗೆ ಕಾಯುತ್ತಿದ್ದೇನೆ ಎಂದೆ. ಸುಳ್ಳು ಹೇಳಿದಂತೆ ಅನಿಸಲಿಲ್ಲ.

ಮೈ ಕಡೆ ನಿಗಾ ಇರಲಿ. ನಿನಗೆ ಒಳ್ಳೆಯದಾಗಲಿ, ಮಗಳೇ. ಈ ಮನೆಯಲ್ಲಿ ದೀಪ ಹಚ್ಚುವಾಗಲೆಲ್ಲ ಮೊದಲು ನೆನಪಾಗುವುದು ನಿನ್ನ ಹೆಸರೇ.

ನಿನ್ನ
ಅಮ್ಮ

ತಾ.ಕ.: ಮೇಲಿನದನ್ನೆಲ್ಲ ಅಪ್ಪನಿಗೆ ಓದಲು ಕೊಟ್ಟೆ. ಓದಿ, “ಎಲ್ಲಾ ಬರದೀ, ಬಾ ಅಂತ ಮಾತ್ರ ಬರದಿಲ್ಲಲ್ಲ?” ಎಂದರು. ಆಗ ತಡೆಯಲಾಗಲಿಲ್ಲ, ಹೇಳಿಬಿಟ್ಟೆ. ಅಕ್ಟೋಬರಿನಲ್ಲಿ ನೀನು ಕೆಲಸ ಹೋಯಿತೆಂದು ಫೋನ್ ಮಾಡಿದ್ದನ್ನು, “ಅಮ್ಮಾ, ಮನೆಗೆ ಬರಲಾ?” ಎಂದು ಕೇಳಿದ್ದನ್ನು. ಅಪ್ಪನ ಅರವತ್ತರ ಶಾಂತಿಗೆ ಹತ್ತೇ ದಿನವಿತ್ತು, ನೂರಿಪ್ಪತ್ತು ಜನರನ್ನು ಕರೆದಿದ್ದೆ, ಎಲ್ಲರೆದುರೂ ನಿನ್ನ ಕೆಲಸದ ಬಗ್ಗೆ ಕೊಚ್ಚಿಕೊಂಡಿದ್ದೆ. “ಈಗ ಬೇಡ ಮಾಲೂ, ಜನರಿಗೆ ಏನಂತ ಹೇಳಲಿ? ಫಂಕ್ಷನ್ ಮುಗೀಲಿ” ಎಂದೆ. ಅಂಥ ದಿನ ನೀನು ಯಾಕೆ ಬರಲಿಲ್ಲ ಎಂದು ಅಪ್ಪ ಕೇಳಿದಾಗ, ರಜೆ ಸಿಗಲಿಲ್ಲವಂತೆ ಎಂದೆ. ನಿನ್ನ ಕೆಲಸ ಹೋದದ್ದು ಅವರಿಗೆ ಗೊತ್ತಾದದ್ದು ಆಮೇಲೆ, ಸ್ಫೂರ್ತಿಯಿಂದ.

ಅಪ್ಪ ಬೈಯಲಿಲ್ಲ. “ಆಕಿ ಏನಂದ್ಲು?” ಎಂದು ಕೇಳಿದರು. ‘ಓಕೆ ಅಮ್ಮಾ’ ಎಂದು ಹೇಳಿ ಫೋನ್ ಇಟ್ಟಳು ಎಂದೆ. ಈಗ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ, ಪೋಸ್ಟ್ ಆಫೀಸಿಗೆ ತಾವೇ ಹೋಗುತ್ತಾರಂತೆ. ಬಾ, ಮಾಲೂ.

ಅಪ್ಪನಿಗೆ ಕೊನೆಯದೊಂದನ್ನು ಸುಳ್ಳೇ ಹೇಳಿದೆ. ಓಕೆ ಎಂದ ಮೇಲೂ ನೀನು ಫೋನ್ ಇಟ್ಟಿರಲಿಲ್ಲ. ನಿನ್ನ ಉಸಿರು ನನಗೆ ಕೇಳಿಸುತ್ತಲೇ ಇತ್ತು. ಇಟ್ಟವಳು ನಾನು.