ಓಕ್ ಮರದ ಅಣಬೆಯ ಮೇಲಿನ ಗುರುತು

ಮೀನಾ ಸಲ್ಮಾನ್ ಬಂದರು, ಬಹರೈನ್
೫ ಡಿಸೆಂಬರ್ ೨೦೨೪

ಪ್ರೀತಿಯ ಅಪ್ಪನಿಗೆ ತುಷಾರನ ನಮಸ್ಕಾರಗಳು.

ಹೇಗಿದ್ದೀರಿ? ಮೊಣಕಾಲು ನೋವು ಕಡಿಮೆಯಾಯಿತೇ? ಅಮ್ಮನನ್ನು ಕೇಳಿದರೆ ‘ಎಂತ ಇಲ್ಲ, ಆರಾಮ’ ಎನ್ನುತ್ತಾಳೆ. ಅವಳ ಆರಾಮವನ್ನು ನಂಬಲು ನಾನೇನು ನಿನ್ನೆ ಮೊನ್ನೆ ಹುಟ್ಟಿದವನೇ? ಎಣ್ಣೆ ಹಚ್ಚಿಸಿಕೊಂಡು ಬಿಸಿನೀರು ಹಾಕಿಸಿಕೊಳ್ಳಿ, ಹಟ ಮಾಡಬೇಡಿ. ನಾನು ಫೋನ್ ಮಾಡಿದರೆ ನೀವು ಎರಡು ಮಾತಾಡಿ ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ, ಅದಕ್ಕೇ ಈ ಕಾಗದ. ನಮ್ಮ ವರ್ಕ್‌ಶಾಪಿನ ಡ್ರೈವರ್ ಹುಸೈನಬ್ಬ ಇವತ್ತು ಸಂಜೆ ರಜೆಯಲ್ಲಿ ಊರಿಗೆ ಹೊರಟಿದ್ದಾರೆ. ಅವರ ಕೈಯಲ್ಲಿ ಅಮ್ಮನಿಗೆ ಖರ್ಜೂರ, ನಿಮಗೊಂದು ಬಟ್ಟೆಯ ಗಂಟು ಕಳಿಸಿದ್ದೇನೆ. ಗಂಟನ್ನು ಕಾಗದ ಓದಿದ ಮೇಲೆಯೇ ಬಿಚ್ಚಿ.

ಇಲ್ಲಿ ಸೀಫ್ ಎಂಬ ಪೇಟೆಯಲ್ಲಿ ಒಂದು ಕೆಫೆಯಿದೆ. ನಾಲ್ಕು ತಿಂಗಳ ಹಿಂದೆ ಅಲ್ಲಿಯ ಮರಗೆಲಸವೆಲ್ಲ ನಾವೇ ಮಾಡಿದ್ದು. ಮಧ್ಯದಲ್ಲೊಂದು ಓಕ್ ಮರದ ಬೊಡ್ಡೆ ನಿಲ್ಲಿಸಿದ್ದೇವೆ. ಯುರೋಪಿನಿಂದ ಕಂಟೇನರಿನಲ್ಲಿ ಬಂದದ್ದು, ಇನ್ನೂರು ವರ್ಷದ ಮರವಂತೆ, ಇಬ್ಬರು ಸೇರಿ ತಬ್ಬಿದರೂ ಕೈಗೆ ಕೈ ಸಿಗುವುದಿಲ್ಲ. ಅದರ ನೆತ್ತಿಯ ಮೇಲೆ ಮಕ್ಕಳು ಹತ್ತಿ ಕೂರುವ ಅಟ್ಟಣಿಗೆ. ತೊಗಟೆಯ ತುಂಬ ಅಣಬೆಗಳಿದ್ದವು, ಗೋಡೆಗೆ ಹೊಡೆದ ಹಲಗೆಯ ಹಾಗೆ ಚಾಚಿಕೊಂಡು. ಕೀಳಲು ಹೊರಟೆ. ಅರ್ಬಾಬ್, ಎಂದರೆ ಕೆಫೆಯ ಧಣಿ, ‘ಅದೇ ಚಂದ, ಇರಲಿ’ ಎಂದ. ಸತ್ತ ಅಣಬೆ ತಾನೇ ಎಂದು ಬಿಟ್ಟೆ. ಬುಡದಿಂದ ತುದಿಯವರೆಗೆ ಕೊಡತಿಯಿಂದ ಬಡಿದು ಕೇಳದೆ ಮರ ಎತ್ತಬಾರದು ಎಂದು ನೀವು ಕಲಿಸಿದ್ದಿರಿ. ಕ್ರೇನ್ ಕಾಯುತ್ತಿತ್ತು, ಬಡಿಯಲಿಲ್ಲ. ಬೈಯಬೇಡಿ, ಪೂರ್ತಿ ಕೇಳಿ. ಕಾಡಿನ ಹಾಗೆ ಕಾಣಲಿ ಎಂದು ಅವರು ಬುಡದಲ್ಲಿ ಮಂಜು ಬಿಡುವ ಮೆಷಿನ್ ಬೇರೆ ಇಟ್ಟರು. ಈ ಮರಳುಗಾಡಿನಲ್ಲಿ ದಿನವಿಡೀ ಅದಕ್ಕೊಂದಕ್ಕೆ ಮಾತ್ರ ನೀರು.

ಹೋದ ತಿಂಗಳು ಕೆಫೆಯ ಮ್ಯಾನೇಜರ್ ಫಾಝಿಲ್ ಫೋನ್ ಮಾಡಿದ. ವಿಟ್ಲದ ಹುಡುಗ, ಒಳ್ಳೆಯವನು, ಆದರೆ ಎಲ್ಲದಕ್ಕೂ ಅವಸರ. ‘ತುಷಾರಣ್ಣ, ಬೆಳಿಗ್ಗೆ ಬಾಗಿಲು ತೆಗೆದರೆ ಟೇಬಲ್ ಮೇಲೆಲ್ಲ ಕಂದು ಪುಡಿ ಮಾರ್ರೆ. ಇವತ್ತು ಒರೆಸಿದರೆ ನಾಳೆ ಪುನಃ ಉಂಟು.’ ಮರ ಕೊರೆಯುವ ಹುಳ ಇರಬೇಕು ಎಂದುಕೊಂಡು ಹೋದೆ. ಹುಳದ ಪುಡಿಯಾದರೆ ತೂತಿನ ಕೆಳಗೆ ರಾಶಿ ಬೀಳುತ್ತದೆ. ಇದು ದೀಪದ ಬುರುಡೆಗಳ ನೆತ್ತಿಯ ಮೇಲಿತ್ತು, ಕೋಕೋ ಪುಡಿಯಷ್ಟು ನಯ. ಅಟ್ಟಣಿಗೆ ಹತ್ತಿದೆ. ಮಕ್ಕಳ ಪುಟ್ಟ ಕುರ್ಚಿ ಹನ್ನೆರಡು, ಹನ್ನೊಂದರ ಮೇಲೆ ಪುಡಿ. ಒಂದು ಮಾತ್ರ ಸ್ವಚ್ಛ, ರಾತ್ರಿಯಿಡೀ ಅದರಲ್ಲಿ ಯಾರೋ ಕೂತಿದ್ದು ಆಗಷ್ಟೇ ಎದ್ದು ಹೋದ ಹಾಗೆ. ಫಾಝಿಲನಿಗೆ ಹೇಳಲಿಲ್ಲ.

ಅಣಬೆಯ ಬೆನ್ನು ನೋಡಬೇಡ, ಅಡಿ ನೋಡು ಎನ್ನುತ್ತಿದ್ದಿರಲ್ಲ, ಮಲಗಿ ಅಡಿ ನೋಡಿದೆ. ಮೇಲಿನ ಸಣ್ಣವು ಒಣಗಿ ಬೆಂಡಾಗಿದ್ದವು, ಮುಟ್ಟಿದರೆ ಪುಡಿ. ಬುಡದ ದೊಡ್ಡದು ಜೀವಂತ! ಆ ಕಂದು ಪುಡಿ ಉದುರಿಸುತ್ತಿದ್ದದ್ದು ಅದೇ. ಬೆನ್ನು ಆಮೆಯ ಚಿಪ್ಪಿನಷ್ಟು ಗಟ್ಟಿ, ಅಂಚಿನಲ್ಲಿ ಹೊಸ ಬಿಳಿ ಸುತ್ತು, ಅಡಿ ಸುಣ್ಣ ಬಳಿದಂತೆ. ಉಗುರಿನಿಂದ ಗೀರಿದೆ. ಗೀರು ನೋಡನೋಡುತ್ತ ಕಂದಾಯಿತು. ನಮ್ಮ ತೆಂಗಿನ ಬುಡದಲ್ಲಿ ಏಳುತ್ತಿದ್ದದ್ದರ ಜಾತಿಯೇ ಅಪ್ಪ, ಚಿಕ್ಕವನಿದ್ದಾಗ ನಾನು ಹೆಸರು ಬರೆದು ಆಡುತ್ತಿದ್ದೆನಲ್ಲ, ಅದೇ. ಹೊರಗೆ ಕಾಣುವುದು ಇದರ ಕಿವಿ ಮಾತ್ರ, ಹೊಟ್ಟೆ ಮರದೊಳಗೆ ಎಂದು ನೀವು ಹೇಳಿದ್ದು ನೆನಪಾಯಿತು. ಕೊಡತಿಯಿಂದ ಎರಡು ಸಲ ಬಡಿದೆ. ಒಳಗಿನಿಂದ ಮೂರು ಸಲ ಬಂತು. ‘ಎ.ಸಿ. ತಂಪಿಗೆ ಮರ ಬಿರಿಯುವುದು’ ಎಂದರು ಜೊತೆಗೆ ಬಂದಿದ್ದ ಹುಸೈನಬ್ಬ. ಹಾಗೆ ಹೇಳುತ್ತಲೇ ಎರಡು ಹೆಜ್ಜೆ ಹಿಂದೆ ಸರಿದರು.

ಆ ವಾರ ಶುಕ್ರವಾರ ಒಂದು ಹುಟ್ಟುಹಬ್ಬ, ಇಪ್ಪತ್ತೆರಡು ಮಕ್ಕಳು ಅಟ್ಟಣಿಗೆಯ ಮೇಲೆ. ಮರ ಗಟ್ಟಿಯಿದೆ ಎಂದು ನಾನು ಬರೆದುಕೊಡಬೇಕು. ‘ಒಂದು ಸೈನ್ ಹಾಕಿ ಬಿಡಿ ತುಷಾರಣ್ಣ, ಎಂತ ಆಗುದಿಲ್ಲ. ಅರ್ಬಾಬ್ ನನ್ನನ್ನು ತಿಂದು ಬಿಡ್ತಾನೆ’ ಎಂದ ಫಾಝಿಲ್. ನಮ್ಮ ಫೋರ್‌ಮನ್ ಕೂಡ ಅದನ್ನೇ ಹೇಳಿದ. ನಿಜ ಹೇಳುತ್ತೇನೆ, ಅಪ್ಪ, ಬೆಳಿಗ್ಗೆ ಸೈನ್ ಹಾಕುವುದೆಂದೇ ಮಲಗಿದೆ. ಕೆಲಸ ಹೋದರೆ ಇಲ್ಲಿ ವೀಸಾವೂ ಹೋಗುತ್ತದೆ.

ಬೆಳಿಗ್ಗೆ ಪೆನ್ನು ಜೇಬಿನಲ್ಲಿಟ್ಟುಕೊಂಡೇ ಹೋದೆ. ಕೊನೆಯದಾಗಿ ನೋಡೋಣವೆಂದು ಬಗ್ಗಿದೆ. ನಾನು ಗೀರಿದ್ದ ಒಂದು ಗೆರೆಯ ಪಕ್ಕದಲ್ಲಿ, ಬಿಳಿಯ ಮೇಲೆ ಕಂದಾಗಿ, ಮೂರು ಗೀರು, ಕೆಳಗೊಂದು ಚುಕ್ಕೆ. ನಿಮ್ಮ ಗುರುತು! ಈ ಮರ ಬೇಡ ಎಂದು ನೀವು ಹಾಕುತ್ತಿದ್ದ ಗುರುತು. ಇಡೀ ಬಹರೈನ್‌ನಲ್ಲಿ ಅದು ಗೊತ್ತಿರುವವನು ನಾನೊಬ್ಬನೇ. ಬೀಗದ ಕೈ ಫಾಝಿಲನ ಹತ್ತಿರವಿತ್ತು. ಕ್ಯಾಮೆರಾದ ರೆಕಾರ್ಡಿಂಗ್ ಹಾಕಿಸಿ ನೋಡಿದೆವು. ರಾತ್ರಿಯಿಡೀ ಮಂಜು, ಮತ್ತೇನೂ ಇಲ್ಲ. ಮೆಷಿನ್ ಆಫ್ ಮಾಡಿಯೇ ಹೋಗಿದ್ದೆ ಎಂದು ಫಾಝಿಲ್ ಆಣೆ ಹಾಕುತ್ತಾನೆ.

ನನಗೆ ನಾವಿಬ್ಬರೂ ಸೇರಿ ಮರಗೆಲಸ ಮಾಡಿದ ಅಮ್ಮಣ್ಣಿ ಅತ್ತೆಯ ಮನೆಯ ತೊಲೆ ಕಣ್ಣೆದುರು ಬಂತು. ಮನೆ ಒಕ್ಕಲಾಗಿ ಒಂದು ಮಳೆಗಾಲ ಕಳೆಯುವುದರೊಳಗೆ ಮುರಿದು ಬಿದ್ದು ಅತ್ತೆಯ ಕಾಲು ಹೋಯಿತಲ್ಲ, ಆವತ್ತು ಕುಸಿದ ಮಾಡಿನಡಿ ನೀವು ಆ ತೊಲೆಯನ್ನು ಹೊರಳಿಸಿ ಹೊರಳಿಸಿ ಹುಡುಕಿದಿರಿ. ‘ಗುರುತು ಹಾಕಿದ ಹಾಗೆ ನೆನಪು ಮಾರಾಯ, ಹಾಕಿದ ಹಾಗೆ ನೆನಪು’ ಎನ್ನುತ್ತಲೇ ಇದ್ದಿರಿ. ನಾನು ಟಾರ್ಚ್ ಹಿಡಿದು ನಿಂತಿದ್ದೆ. ಗುರುತು ಸಿಗಲಿಲ್ಲ. ಆಚಾರಿಯ ಕಣ್ಣು ಹೋಯಿತು ಎಂದು ಊರೆಲ್ಲ ಹೇಳಿತು, ನೀವೂ ಹೇಳಿಕೊಂಡಿರಿ. ಕೊಡತಿ ಅಟ್ಟ ಸೇರಿತು. ಮೂರು ತಿಂಗಳಲ್ಲಿ ನಾನು ಇಲ್ಲಿಗೆ ಬಂದೆ.

ಸೈನ್ ಹಾಕಲಿಲ್ಲ. ಎಲ್ಲರೂ ನೋಡುತ್ತಿದ್ದ ಹಾಗೆಯೇ ಅಣಬೆಯ ಪಕ್ಕದಲ್ಲಿ ಉಳಿ ಇಟ್ಟು ಒತ್ತಿದೆ, ಬಡಿಯಲೇ ಇಲ್ಲ. ಹಿಡಿಯವರೆಗೂ ಒಳಗೆ ಹೋಯಿತು. ಒಳಗೆಲ್ಲ ಬಿಳಿ ನಾರು, ಹಿಂಡಿದರೆ ನೀರು. ಮೊಣಕೈ ತನಕ ಕೈ ಹಾಕಿದರೂ ಗಟ್ಟಿ ಮರ ಸಿಗಲಿಲ್ಲ. ಅಟ್ಟಣಿಗೆ ಮುಚ್ಚಿದರು, ಕಬ್ಬಿಣದ ಕಂಬ ಕೊಟ್ಟರು, ಮಕ್ಕಳು ಕೆಳಗೆ ನೆಲದಲ್ಲೇ ಕೇಕ್ ತಿಂದವು. ಶನಿವಾರ ಯಾರೂ ಮುಟ್ಟದೆ ಅಟ್ಟಣಿಗೆಯ ಒಂದು ಮಗ್ಗುಲು ನಾಲ್ಕು ಬೆರಳು ಕೆಳಗಿಳಿದು ಕಂಬದ ಮೇಲೆ ಕೂತಿತು. ನನ್ನ ಕೆಲಸ ಸದ್ಯಕ್ಕೆ ಉಳಿದಿದೆ.

ಗಂಟಿನಲ್ಲಿರುವುದು ಆ ಅಣಬೆ. ಒಣಗಿದರೂ ಗುರುತು ಅಳಿಯುವುದಿಲ್ಲ. ನಿದ್ದೆಗಣ್ಣಿನಲ್ಲಿ ನಾನೇ ಹೋಗಿ ಗೀರಿದೆನೋ ಎಂದು ಹೆಬ್ಬೆರಳಿನ ಉಗುರು ನೋಡಿಕೊಂಡೆ. ಕಂದು ಇತ್ತು, ಹಿಂದಿನ ದಿನ ಗೀರಿದ್ದೂ ಇದ್ದೀತು. ಆದರೆ ಚುಕ್ಕೆ ನೋಡಿ, ಅಪ್ಪ. ನೀವು ಹಾಕುತ್ತಿದ್ದ ಹಾಗೆ ಎಡಕ್ಕೆ ವಾಲಿದೆ. ಎಷ್ಟು ಕಲಿಸಿದರೂ ಅದು ನನಗೆ ಬರಲೇ ಇಲ್ಲ. ಯಾರ ಕೈ ಎಂದು ನೀವೇ ನೋಡಿ ಹೇಳಿ, ನನಗೆ ಹೆದರಿಕೆಯಾಗುತ್ತದೆ.

ಅಮ್ಮನಿಗೂ ಅಮ್ಮಣ್ಣಿ ಅತ್ತೆಗೂ ನನ್ನ ನೆನಪು ಹೇಳಿ. ಇಲ್ಲಿಂದಲೇ ನಿಮ್ಮ ಕಾಲು ಮುಟ್ಟಿದ್ದೇನೆ ಎಂದು ತಿಳಿಯಿರಿ.

ನಿಮ್ಮ ಮಗ,
ತುಷಾರ

ತಾ.ಕ.: ಹುಸೈನಬ್ಬ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾರೆ, ಈಗ ಹೇಳದಿದ್ದರೆ ಇನ್ನು ಹೇಳಲಾರೆ. ಆ ತೊಲೆಗೆ ನೀವು ಗುರುತು ಹಾಕಿದ್ದಿರಿ. ಬುಡದಿಂದ ಒಂದು ಗೇಣು ಮೇಲೆ. ಮನೆ ಒಕ್ಕಲಿಗೆ ನಾಲ್ಕೇ ದಿನವಿತ್ತು, ಅಷ್ಟು ಉದ್ದದ್ದು ಬೇರೆ ಇರಲಿಲ್ಲ, ನೀವು ಮಧ್ಯಾಹ್ನ ಊಟಕ್ಕೆ ಹೋಗಿದ್ದಾಗ ಕೀಸುಳಿ ಹಿಡಿದು ನಾನೇ ಆ ಗುರುತನ್ನು ಕೀಸಿ ತೆಗೆದೆ. ನಿಮ್ಮ ಕಣ್ಣು ತಪ್ಪಿರಲಿಲ್ಲ, ಅಪ್ಪ. ಈ ಕಾಗದವನ್ನು ಅತ್ತೆಯ ಎದುರು ಓದಿಸಿ. ಕೊಡತಿಯನ್ನು ಅಟ್ಟದಿಂದ ಇಳಿಸಿ.