ಸುಣ್ಣವಾಗದೆ ಉಳಿದ ಎರಡು ಚಿಪ್ಪು

ಕುಂಬಾರಕೊಪ್ಪಲು, ಮೈಸೂರು
೧೨ ಜನವರಿ ೧೯೫೮

ಕಾರವಾರದಲ್ಲಿರುವ ಯಜಮಾನರಿಗೆ ನಮಸ್ಕಾರ.

ಕಾಲೇಜಿನ ಪ್ರಾಣಿಶಾಸ್ತ್ರದ ಪಾಠಕ್ಕೆಂದು ನಾನು ಕೇಳಿದ್ದ ಕಪ್ಪೆಚಿಪ್ಪುಗಳು ಬಂದವು. ಪಾರ್ಸೆಲ್ ಅತ್ತೆಯವರ ಹೆಸರಿಗಿದ್ದುದರಿಂದ, ಎಲೆಅಡಿಕೆಯ ಸುಣ್ಣಕ್ಕೇ ಕಳಿಸಿದ್ದೀರೆಂದು ತಿಳಿದು ಅವರು ಪಕ್ಕದ ಕುಂಬಾರರ ಆವಿಗೆಯಲ್ಲಿ ಸುಡಿಸಿಬಿಟ್ಟರು. "ಮಗ ಕಳ್ಸಿದ ಸುಣ್ಣ, ನಾಲಿಗೆ ಸುಡಲ್ಲ ಕಣಮ್ಮ" ಎನ್ನುತ್ತ ದಿನವೂ ಹಾಕಿಕೊಳ್ಳುತ್ತಿದ್ದಾರೆ.

ನೋಡಲೆಂದು ನಾನು ಮೊದಲೇ ತೆಗೆದಿಟ್ಟುಕೊಂಡಿದ್ದ ಎರಡು ಉಳಿದಿವೆ. ಎರಡರ ಮೈಮೇಲೂ ಒಂದೇ ಥರದ ಗೆರೆ, ಒಂದೇ ಕುಟುಂಬವೆಂದುಕೊಂಡಿದ್ದೆ. ನಮ್ಮ ಮೇಡಂ ನಕ್ಕು, "ಮೇಲಿನ ಗೆರೆ ನೋಡಿದರೆ ಸಾಲದಮ್ಮ, ಎರಡು ಹೋಳು ಕೂಡುವ ಕೀಲು ನೋಡು" ಎಂದರು. ಒಂದರ ಕೀಲು ನೇರ, ಬಾಚಣಿಗೆಯಂತೆ ಸಾಲು ಹಲ್ಲು. ಇನ್ನೊಂದರದು ಬಾಗಿದೆ, ಹಲ್ಲು ನಾಲ್ಕೈದೇ. ಬೇರೆ ಬೇರೆ ಕುಟುಂಬವಂತೆ! ಯಾವುದು ಕೆಸರಿನಲ್ಲಿ ಸಿಕ್ಕಿತು, ಯಾವುದು ಮರಳಿನಲ್ಲಿ? ನೆನಪಿದ್ದರೆ ತಿಳಿಸಿ.

ಇನ್ನಷ್ಟು ಕಳಿಸಿ. ಆದರೆ ಈ ಸಲ ಪಾರ್ಸೆಲ್ ಮೇಲೆ ನನ್ನ ಹೆಸರನ್ನೇ ಬರೆಯಿರಿ. ಮದುವೆಯಾದಾಗಿನಿಂದ ನೀವು ಅತ್ತೆಯವರಿಗೆ ಬರೆಯುವ ಕಾಗದಗಳಲ್ಲಿ ನಾನು "ಅವಳು" ಎಂದೇ ಇದ್ದೇನೆ. ಮರೆತಿದ್ದರೆ, ಹೆಸರು ಕೆಳಗಿದೆ.

ನೀಲಾಂಬಿಕೆ