ಬೊಗ್ಗುವಿಗೆ ಹತ್ತು ದಿನ

ಪುತ್ತಿಗೆ,
ಸೋಮವಾರ

ನೆರೆಮನೆಯ ಕಾಂತಿಗೆ ಆಶೀರ್ವಾದ.

"ಮಗಳು ಪರೀಕ್ಷೆಗೆ ಓದಲಿಕ್ಕೆ ಕೂತರೆ ನಿಮ್ಮ ನಾಯಿಯದ್ದೇ ಉಪದ್ರ ಮಾರಾಯ್ರೆ" ಎಂದು ನೀನು ನನ್ನ ಮಗ ಶೋಧನನಿಗೆ ಹೇಳಿದೆಯಂತೆ. ನನ್ನಲ್ಲೇ ಹೇಳಬಹುದಿತ್ತು. ಈ ಭಾನುವಾರ ಬೊಗ್ಗುವನ್ನು ವಾಮದಪದವಿನಲ್ಲಿ ಯಾರಿಗಾದರೂ ಕೊಟ್ಟು ಬರುತ್ತೇನೆಂದು ಅವನು ಹಟ ಹಿಡಿದಿದ್ದಾನೆ.

ತಪ್ಪು ನನ್ನದೂ ಉಂಟು. ಅದು ಸದ್ದಿಗೆ ಬೊಗಳಿದಾಗಲೆಲ್ಲ ನಾನು ಜೋರಾಗಿ ಗದರುತ್ತಿದ್ದೆ. "ನೀವು ಬೊಬ್ಬೆ ಹಾಕಿದ್ರೆ, ಅಮ್ಮನೂ ಒಟ್ಟಿಗೆ ಬೊಗಳ್ತಾರೆ ಅಂತ ಅದು ಗ್ರಹಿಸ್ತದೆ" ಎಂದರು ಪಶುವೈದ್ಯರು. ನೀನು ನಗುವುದು ಬೇಡ. ಈಗ ಅದು ಸುಮ್ಮನಿದ್ದರೆ ಮಾತ್ರ ಒಣಮೀನಿನ ಚೂರು ಕೊಡುತ್ತೇನೆ. ಬೈಕಿನ ಹಾರ್ನಿಗೆ ಬೊಗಳುವುದು ನಿಂತಿದೆ. ದೇವಸ್ಥಾನದಲ್ಲಿ ಸಿಡಿಸುವ ಗರ್ನಲಿಗೆ ನಿಂತಿಲ್ಲ. ಇನ್ನು ಹತ್ತು ದಿನ ಕೊಡು. ಶೋಧನನಿಗೂ ನೀನೇ ಹೇಳು.

ಕುಕ್ಕರ್ ಕೂಗಿದಾಗ ಬೊಗಳುವುದನ್ನು ಮಾತ್ರ ನಾನು ಬಿಡಿಸುವುದಿಲ್ಲ. ಆ ಕೂಗು ಈಗ ನನಗೆ ಕೇಳುವುದಿಲ್ಲ ಕಾಂತಿ. ಬೊಗ್ಗು ಎಷ್ಟು ಸಲ ಬೊಗಳಿತೆಂದು ಎಣಿಸಿಯೇ ಕುಚ್ಚಲಕ್ಕಿ ಬೆಂದದ್ದು ತಿಳಿಯುತ್ತೇನೆ. ಇದು ಶೋಧನನಿಗೆ ಗೊತ್ತಾದರೆ ನನ್ನನ್ನು ಒಲೆಯ ಹತ್ತಿರ ಬಿಡಲಿಕ್ಕಿಲ್ಲ.

ಅನ್ನಕ್ಕೆ ಇಡುವುದು ಬೆಳಿಗ್ಗೆ ಹತ್ತಕ್ಕೆ. ಅಷ್ಟು ಹೊತ್ತು ನಿನ್ನ ಮಗಳು ಪ್ರಾಪ್ತಿ ಪುಸ್ತಕ ಮುಚ್ಚಿಡಲಿ.

ಗುಲಾಬಿ ಶೆಡ್ತಿ